ಗಟ್ಟಿಮೇಳ ನಿಂತ ಮೇಲೆ

ನನ್ನ ಮಗಳು ಕುಮುದಳ ಮದುವೆ ನಿಶ್ಚಯವಾದ ದಿನ ಗಂಡಿನ ಅಜ್ಜಿ ಅಚ್ಚಮ್ಮನವರು ನಮ್ಮ ನಡುಮನೆಯ ಮಿಂಚುಗೂಡಿನ ಎದುರು ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇದರ ಮುಂದೆ ಧಾರೆ ಎರೀತೀರಾ?" ಎಂದು ಕೇಳಿದರು.

"ನಮ್ಮಲ್ಲಿ ಎಲ್ಲರ ಮದುವೆಯೂ ಹಿಂಗೇ ಆಗೋದು. ನನ್ನದೂ ಹಿಂಗೇ ಆಯ್ತು," ಎಂದೆ.

"ಅಗ್ನಿ?"

"ಅಗ್ನಿ ಇಲ್ಲ."

ಅವರು ತಾಂಬೂಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅವತ್ತು ಅವರು ಎಲೆ ಅಡಿಕೆ ಮುಟ್ಟಲಿಲ್ಲ.

ನಮ್ಮೂರಿನ ನೆಲ ಉಸಿರು ಬಿಡುತ್ತದೆ. ಪ್ರತಿ ಮನೆಯ ನಡುವೆಯೂ ಕಲ್ಲು ಕಟ್ಟಿದ ಒಂದು ಬಾಯಿ, ಅದರ ಮೇಲೆ ಕೊಡ ಕವುಚಿದ ಹಾಗೆ ದಪ್ಪ ಗಾಜಿನ ಗೂಡು, ಗೂಡಿನೊಳಗೆ ಎದುರುಬದುರಾಗಿ ಎರಡು ಸರಳು. ಸರಳುಗಳ ನಡುವೆ ಹಗಲೂ ಇರುಳೂ ನೇರಳೆ ಬಣ್ಣದ ಮಿಂಚು ಕುಣಿಯುತ್ತಿರುತ್ತದೆ. ನೆಲದಿಂದ ಬಂದ ಉಸಿರು ಆ ಮಿಂಚಿನಲ್ಲಿ ಹಾಯುವಾಗ ಒಡೆದು ಎರಡಾಗುತ್ತದೆ. ಮಸಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಹಗುರ ಗಾಳಿ ಮೇಲಿನ ಕೊಳವೆ ಹಿಡಿದು ಊರಾಚೆಯ ಯಂತ್ರದ ಮನೆಗೆ ಹೋಗಿ, ಅಲ್ಲಿಂದ ಕರೆಂಟಾಗಿ ನಮ್ಮ ಮನೆಗೇ ವಾಪಸ್ಸು ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಆ ಉಸಿರಿಗೆ ಮೀಥೇನ್ ಎಂದು ಹೆಸರು. ಮನೆಯಲ್ಲಿ ಯಾರೂ ಹಾಗನ್ನುವುದಿಲ್ಲ, ಉಸಿರು ಎಂದೇ ಅನ್ನುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೂಡು ಗುಂಯ್ಗುಡುತ್ತಿದೆಯೆಂದರೆ ಎಲ್ಲ ನೆಟ್ಟಗಿದೆ ಎಂದು ಅರ್ಥ. ಮಸಿ ಬೆಳೆದು ಎರಡು ಸರಳೂ ಅಂಟಿಕೊಂಡರೆ ಮಿಂಚು ಸಾಯುತ್ತದೆ, ಸದ್ದು ನಿಲ್ಲುತ್ತದೆ. ಒಡೆಯದ ಉಸಿರು ಗೂಡಿನ ಅಂಚಿನಿಂದ ಹೊರಬಿದ್ದು ಮಾಡಿನ ಕೆಳಗೆ ತುಂಬಿಕೊಳ್ಳುತ್ತದೆ. ಆಗ ಒಂದು ಕಿಡಿ ಸಾಕು.

ಹಾಗಾಗಿ ನಮ್ಮೂರೊಳಗೆ ಯಾರೂ ಬೆಂಕಿ ಹಚ್ಚುವುದಿಲ್ಲ. ಅಡುಗೆಗೆ ಕರೆಂಟಿನ ಒಲೆ. ದೇವರಿಗೆ ಹೂವು, ಗಂಧ. ಸತ್ತವರನ್ನು ಹೂಳುತ್ತೇವೆ. ಹೊರಗೆ ಹೋಗಿ ಬಂದವರೂ ಕಡಿಮೆ. ನನ್ನ ವಯಸ್ಸಿನ ಹೆಂಗಸರಲ್ಲಿ ಬಹಳ ಮಂದಿ ಬೆಂಕಿಯನ್ನು ಚಿತ್ರದಲ್ಲಿ ಬಿಟ್ಟರೆ ಎಲ್ಲೂ ಕಂಡವರಲ್ಲ. ಗೂಡಿನ ಸದ್ದು ಮಾತ್ರ ತೊಟ್ಟಿಲಿನಿಂದಲೇ ನಮ್ಮ ಕಿವಿಯಲ್ಲಿದೆ. ಹಾಲು ಕುಡಿಯುವ ಕೂಸು ಕೂಡ ಸದ್ದು ನಿಂತರೆ ಮೊಲೆ ಬಿಟ್ಟು ಅಳುತ್ತದೆ.

ಗಂಡು ಚಿದಂಬರ ಗೂಡಿನ ಗಾಜು ಮಾಡುವ ಕಾರ್ಖಾನೆಯವನು. ಒಡೆದ ಗೂಡುಗಳ ಅಳತೆ ತೆಗೆದುಕೊಂಡು ಹೋಗಲು ನಮ್ಮೂರಿಗೆ ಬರುತ್ತಿದ್ದ. ಬಂದಾಗಲೆಲ್ಲ ನಮ್ಮ ಮನೆಯ ಗೂಡಿನ ಅಳತೆಯನ್ನೇ ಮತ್ತೆ ಮತ್ತೆ ತೆಗೆಯುತ್ತಿದ್ದಾನಲ್ಲ ಎಂದು ನನ್ನ ಯಜಮಾನರು ಸೀತಾಪತಿಯವರಿಗೆ ಅನುಮಾನ ಬಂದು ವಿಚಾರಿಸಿದಾಗ ಅವನೂ ಕುಮುದಳೂ ತಲೆ ತಗ್ಗಿಸಿ ನಿಂತರು. ಒಳ್ಳೆಯ ಹುಡುಗ, ಮೆತ್ತಗೆ ಮಾತಾಡುವವನು. ತಾಯಿಯ ತಾಯಿಯಾದ ಈ ಅಜ್ಜಿಯೇ ಸಾಕಿದವನು. ತಾಯಿ ರುಕ್ಕು ಮನೆಯಲ್ಲೇ ಇದ್ದಾಳೆ, ತಂದೆ ಬೇರೆ ಕಡೆ ಇದ್ದಾರೆ ಎಂದಷ್ಟೇ ಹೇಳಿದ. ನಾವು ಕೆದಕಲಿಲ್ಲ.

ಅಚ್ಚಮ್ಮನವರು ಮಾತ್ರ ಬಗ್ಗಲಿಲ್ಲ. ಮದುವೆಯನ್ನು ತಮ್ಮೂರಿನಲ್ಲೇ ಮಾಡೋಣ ಎಂದರು. ಹೆಣ್ಣಿನ ಕಡೆಯವರು ಮಾಡಿಕೊಡುವುದು ನಮ್ಮ ಪದ್ಧತಿ ಎಂದು ನನ್ನವರು ಹಟ ಹಿಡಿದರು. ಹೇಳಿಕಳಿಸುವುದು, ವಾಪಸ್ಸು ಹೇಳಿಕಳಿಸುವುದು ನಡೆದು, ಇನ್ನೇನು ಸಂಬಂಧ ಮುರಿಯಿತು ಅನ್ನುವ ಹೊತ್ತಿಗೆ ಅವರೇ ಬಂದು, "ನಿಮ್ಮೂರು, ನಿಮ್ಮ ರೀತಿ. ಆಯ್ತು," ಎಂದುಬಿಟ್ಟರು. ಒಂದೇ ಒಂದು ಕೇಳಿಕೊಂಡರು. ಧಾರೆ ಆದ ಮೇಲೆ ಗಂಡು ಹೆಣ್ಣನ್ನು ಒಂದು ಕೋಣೆಯಲ್ಲಿ ಕೂರಿಸಿ ತಮ್ಮ ಮನೆದೇವರ ಪೆಟ್ಟಿಗೆಗೆ ಕೈ ಮುಗಿಸಬೇಕು, ಬಾಗಿಲು ಹಾಕಿರಬೇಕು, ಬೇರೆ ಯಾರೂ ನೋಡಬಾರದು. ಅಷ್ಟಕ್ಕೆ ಒಪ್ಪದಿರುವುದು ಹೇಗೆ? ಒಪ್ಪಿದೆ.

ಮದುವೆ ಛತ್ರದ ಗೂಡು ಆಳೆತ್ತರದ್ದು. ಅದನ್ನು ನೋಡಿಕೊಳ್ಳುವವನು ದಾಸಪ್ಪ. ಅವನು ಹಿಂದಿನ ದಿನವೇ ಮಸಿ ಕೆರೆದು ಗಾಜು ತೊಳೆದಿಟ್ಟಿದ್ದ. ಬೆಳಿಗ್ಗೆ ಗಂಡಿನ ಕಡೆಯವರು ಬಂದಿಳಿದಾಗ ಊರ ಬಾಗಿಲಿನ ಕಾವಲಿನವರು ಗಂಡಸರ ಜೇಬು ತಡಕಿ ಬೀಡಿ, ಬೆಂಕಿಪೊಟ್ಟಣ ಎಲ್ಲ ತೆಗೆದಿಟ್ಟುಕೊಂಡರು. ಮುದುಕಿಯ ಸೊಂಟದ ಗಂಟನ್ನು ಯಾರು ತಡಕುತ್ತಾರೆ?

ನಾನು ಬೀಗಿತ್ತಿಯನ್ನು ಹುಡುಕಿದೆ. ರುಕ್ಕು ಕಂಬದ ಹಿಂದೆ ನಿಂತಿದ್ದಳು. ಹಣೆಯಲ್ಲಿ ಕುಂಕುಮವಿತ್ತು, ಮೈಮೇಲೆ ಹಳೆಯದಾದರೂ ಒಳ್ಳೆಯ ಸೀರೆ. "ಮುಂದೆ ಬನ್ನಿ, ಕಾಲಿಗೆ ನೀರು ಕೊಡಬೇಕು," ಎಂದೆ. ಅವಳು ತಾಯಿಯ ಮುಖ ನೋಡಿದಳು. ಅಚ್ಚಮ್ಮನವರು, "ಅವಳಿಗೆ ಅದೆಲ್ಲ ಬೇಡ ಬಿಡಿ," ಎಂದು ತಾವೇ ಮುಂದೆ ಬಂದರು. ಅವರ ಕೈಗೆ ತಾಂಬೂಲ ಕೊಡುವಾಗ ಕರ್ಪೂರದ ವಾಸನೆ ಬಂತು. ಸೀರೆಯ ಪೆಟ್ಟಿಗೆಯಲ್ಲಿ ಹುಳ ಹಿಡಿಯದಿರಲಿ ಎಂದು ನಾವೂ ಇಡುತ್ತೇವೆ. ಹಾಗೇ ಇರಬೇಕೆಂದುಕೊಂಡೆ.

ಓಲಗದವರನ್ನು ಗಂಡಿನ ಕಡೆಯವರೇ ಕರೆತಂದಿದ್ದರು. ನಮ್ಮೂರಿನ ಓಲಗದವರಾದರೆ ಪ್ರತಿ ಹಾಡಿಗೂ ನಡುವೆ ನಿಲ್ಲಿಸುತ್ತಾರೆ, ಎಲ್ಲರೂ ಗೂಡಿನ ಸದ್ದು ಕೇಳಿಕೊಳ್ಳುತ್ತಾರೆ, ಆಮೇಲೆ ಮುಂದಿನದು. ದಾಸಪ್ಪ ಅದನ್ನು ಇವರಿಗೂ ಬಿಡಿಸಿ ಹೇಳಿದ್ದ. ಅವರು ಹೂಂ ಹೂಂ ಎಂದು ತಲೆಯಾಡಿಸಿದ್ದರು. ಆದರೆ ಮುಹೂರ್ತ ಹತ್ತಿರ ಬಂದಾಗ ಯಾರೋ ಗಟ್ಟಿಮೇಳ ಗಟ್ಟಿಮೇಳ ಎಂದು ಕೂಗಿದರು. ಡೋಲಿನವನು ಕಣ್ಣು ಮುಚ್ಚಿಕೊಂಡು ಬಾರಿಸತೊಡಗಿದ. ಧಾರೆ ಆಯಿತು, ತಾಳಿ ಆಯಿತು, ಅಕ್ಷತೆ ಬಿತ್ತು. ಅವನು ನಿಲ್ಲಿಸಲೇ ಇಲ್ಲ. ದಾಸಪ್ಪ ಜನರ ನಡುವೆ ನುಗ್ಗಿಕೊಂಡು ಅವನ ಕಡೆ ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ನನ್ನ ಕಣ್ಣು ತುಂಬಿಕೊಂಡಿದ್ದರಿಂದ ಗೂಡಿನ ಕಡೆ ಸರಿಯಾಗಿ ನೋಡಲಿಲ್ಲ. ಅಷ್ಟರಲ್ಲಿ ಅಚ್ಚಮ್ಮನವರು ಮದುಮಕ್ಕಳ ಕೈ ಹಿಡಿದುಕೊಂಡು, ಕಲಶ ಎತ್ತಿಕೊಂಡು, ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ದಾಸಪ್ಪ ಡೋಲಿನ ಮೇಲೆ ಅಂಗೈ ಇಟ್ಟ. ಮೇಳ ನಿಂತಿತು.

ನಮ್ಮೂರಿನವರೆಲ್ಲ ಒಟ್ಟಿಗೆ ತಲೆ ಎತ್ತಿದರು. ಗಂಡಿನ ಕಡೆಯವರು ಮಾತಾಡುತ್ತಲೇ ಇದ್ದರು, ಯಾರದೋ ಮಗು ನಗುತ್ತಿತ್ತು. ಆ ಮಾತಿನ ಕೆಳಗೆ ಇರಬೇಕಾಗಿದ್ದ ಗುಂಯ್ ಇರಲಿಲ್ಲ. ಗೂಡಿನ ಒಳಗೆ ಎರಡು ಸರಳಿನ ನಡುವೆ ಮಸಿಯ ಒಂದು ಕರಿ ಸೇತುವೆ ಕಟ್ಟಿಕೊಂಡಿತ್ತು, ಮಿಂಚು ಎಲ್ಲೂ ಕಾಣಲಿಲ್ಲ. ಯಾವಾಗ ನಿಂತಿತು, ಎಷ್ಟು ಹೊತ್ತಾಯಿತು ಎಂದು ಯಾರಿಗೂ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಓಡಬಾರದು. ಸ್ವಿಚ್ ಮುಟ್ಟಬಾರದು, ಉರಿಯುವ ದೀಪ ಉರಿಯಲಿ. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು. ಬರಿಗಾಲಲ್ಲಿ, ಮೆಲ್ಲಗೆ, ಹೊರಕ್ಕೆ. ಆದರೆ ಅರ್ಧದಷ್ಟು ಜನ ಹೊರಗಿನವರು. ಅವರಿಗೆ ನಿಜ ಹೇಳಿದರೆ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನನ್ನವರು ಒಂದು ಕ್ಷಣ ಗೂಡನ್ನು ನೋಡಿದರು, ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕೈ ಜೋಡಿಸಿ ನಗುಮುಖ ಮಾಡಿಕೊಂಡು, "ಊಟಕ್ಕೆ ಏಳಬೇಕು ಎಲ್ಲರೂ. ಎಲೆ ಹೊರಗೆ ಮರದ ಕೆಳಗೆ ಹಾಕಿಸಿದೀವಿ. ಮೊದಲ ಪಂಕ್ತಿ ಗಂಡಿನ ಕಡೆಯವರದೇ," ಎಂದರು. ಹೊರಗೆ ಎಲೆಯೂ ಇರಲಿಲ್ಲ, ಪಂಕ್ತಿಯೂ ಇರಲಿಲ್ಲ. ಜನ ಎದ್ದರು. ನಮ್ಮವರು ಹಿಂದೆ ನಿಂತು ಅವರನ್ನು ಮುಂದೆ ಬಿಟ್ಟರು. ಯಾವ ಹೆಂಗಸೂ ತನ್ನ ಮಗುವನ್ನು ಹೆಸರು ಹಿಡಿದು ಕರೆಯಲಿಲ್ಲ, ಸುಮ್ಮನೆ ಕೈ ಹಿಡಿದು ನಡೆಸಿಕೊಂಡು ಹೋದಳು. ದಾಸಪ್ಪ ನೆಲದ ಬಾಯಿಗೆ ಕಲ್ಲಿನ ಮುಚ್ಚಳ ಸರಿಸಿ ಹಸಿ ಮಣ್ಣು ಮೆತ್ತಿದ. ಆಮೇಲೆ ಹಗ್ಗ ಎಳೆದು ಮಾಡಿನ ಕಿಂಡಿಗಳನ್ನು ಒಂದೊಂದಾಗಿ ತೆರೆಯತೊಡಗಿದ. "ಉಸಿರು ಬೇಗ ಹೋಗಲ್ಲ ಅಕ್ಕ. ಗಾಳಿ ಇಲ್ಲ ಇವತ್ತು," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದ.

ನಾನು ಕೋಣೆಯ ಕಡೆ ಹೊರಟೆ. ಮದುಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುವುದು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಬಾಗಿಲ ಹತ್ತಿರ ಬಂದಾಗ ಬೆಳಗಿನ ಕರ್ಪೂರದ ವಾಸನೆ ಇನ್ನೊಂದು ಸಲ ಬಂತು. ಹುಳಕ್ಕೆ ಇಡುವ ಕರ್ಪೂರ ಸೀರೆಯಲ್ಲಿ ವಾಸನೆ ಬರುತ್ತದೆ. ಬೆಳಿಗ್ಗೆ ಅದು ಅಚ್ಚಮ್ಮನವರ ಕೈಯಿಂದ ಬಂದಿತ್ತು. ಆ ಹೆಂಗಸು ಇದ್ದಕ್ಕಿದ್ದಂತೆ ಯಾಕೆ ಒಪ್ಪಿದರು, ಬಾಗಿಲು ಹಾಕಿದ ಕೋಣೆಯನ್ನೇ ಯಾಕೆ ಕೇಳಿದರು ಎಂಬುದೆಲ್ಲ ಒಟ್ಟಿಗೆ ತಿಳಿಯಿತು. ಆ ಕೋಣೆಯ ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಛತ್ರದಲ್ಲಿ ತುಂಬಿದ್ದು ಅಲ್ಲಿಗೂ ತುಂಬುತ್ತದೆ.

"ಕುಮುದಾ," ಎಂದೆ, ಊಟಕ್ಕೆ ಕರೆಯುವ ದನಿಯಲ್ಲೇ. "ಬಾಗಿಲು ತೆಗಿ ಮಗಳೇ. ಗೂಡು ನಿಂತಿದೆ."

"ಗೊತ್ತಾಯ್ತಮ್ಮ." ಅವಳ ದನಿ ಒಂದೇ ಸಮ ಇತ್ತು. "ಅಜ್ಜಿ ಕೈಯಲ್ಲಿ ಬೆಂಕಿಕಡ್ಡಿ ಇದೆ. ಪೊಟ್ಟಣಕ್ಕೆ ಒತ್ತಿ ಹಿಡ್ಕೊಂಡಿದಾರೆ. ನಾವು ಹತ್ರ ಹೋದ್ರೆ ಗೀರ್ತೀನಿ ಅಂತಾರೆ."

"ಹತ್ರ ಹೋಗ್ಬೇಡಿ."

"ಇಲ್ಲ. ನಿಂತಿದೀವಿ."

ಬಾಗಿಲಿಗೆ ಒಳಗಿನಿಂದ ಮರದ ಅಗಳಿ. ನಾನೊಬ್ಬಳೇ ತಳ್ಳಿದರೂ ಮುರಿಯುತ್ತಿತ್ತೇನೋ. ಆದರೆ ಆ ಸದ್ದಿಗೆ ಒಳಗಿನ ಕೈ ಬೆಚ್ಚಿದರೆ ಏನಾಗುತ್ತದೆ? ಅಂಗೈಯನ್ನು ಬಾಗಿಲ ಮೇಲೆ ಇಟ್ಟುಕೊಂಡು ಸುಮ್ಮನೆ ನಿಂತೆ. ನನ್ನ ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ತಿರುಗಿ ನೋಡಿದರೆ ರುಕ್ಕು. ಎಲ್ಲರೂ ಹೊರಗೆ ಹೋದರೂ ಅವಳು ಹೋಗಿರಲಿಲ್ಲ. ಹೊರಡಿ ಎಂದು ಕೈ ಮಾಡಿದೆ. ಅವಳು ಕದಲಲಿಲ್ಲ.

"ಹೆದರಿಸಬೇಡಿ ಬೀಗಿತ್ತಿ," ಒಳಗಿನಿಂದ ಅಚ್ಚಮ್ಮನವರು ಹೇಳಿದರು. "ಒಂದು ಬಿಲ್ಲೆ ಕರ್ಪೂರ. ಮಕ್ಕಳು ಒಂದು ಸುತ್ತು ಬರ್ಲಿ, ನಾನೇ ಆರಿಸ್ತೀನಿ. ಎಲ್ಲಾ ಊರಲ್ಲೂ ಹಚ್ತಾರೆ, ಯಾರೂ ಸತ್ತಿಲ್ಲ."

"ಇಲ್ಲಿ ಹಚ್ಚಿದ್ರೆ ಸಾಯ್ತೀವಿ ಅಚ್ಚಮ್ಮನೋರೆ. ಗೂಡು ನಡೀತಿದ್ರೂ ಹಚ್ಚೋ ಹಂಗಿಲ್ಲ. ಈಗ ಅದೂ ನಿಂತಿದೆ."

"ನಾನು ಬೆಂಕಿ ತೆಗೆದಾಗಲೇ ನಿಂತುಬಿಡ್ತಾ ಅದು? ಎಳೇ ಮಗು ಅಲ್ಲ ನಾನು."

ಅವರು ನಂಬಿರಲಿಲ್ಲ. ಯಾಕೆ ನಂಬಬೇಕು? ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಒಂದು ವಸ್ತುವನ್ನು ತೋರಿಸಿ ಅವರು ಬೇಡಿದ್ದನ್ನೆಲ್ಲ ನಾವು ಇಲ್ಲ ಅಂದಿದ್ದೆವು. ಚಿದಂಬರ ಮೆಲ್ಲಗೆ, "ಅಜ್ಜಿ, ನಾನು ಈ ಕೆಲಸದಲ್ಲೇ ಇರೋನು. ಅವರು ಹೇಳ್ತಿರೋದು ನಿಜ," ಎಂದ. "ನೀನು ಅವರ ಕಡೆ ಆಗಿ ಬಹಳ ದಿನ ಆಯ್ತು," ಎಂದರು ಅಜ್ಜಿ. ಆಮೇಲೆ ಕುಮುದ ಮಾತಾಡಿದಳು. "ಅಜ್ಜಿ, ನೀವು ಹಚ್ಚಿದ ಮೇಲೆ ಸುತ್ತು ಬರೋಕೆ ನಾನಿರಲ್ಲ."

ಮೇಲೆ ಕಿಂಡಿಯ ಮರದ ಬಾಗಿಲೊಂದು ಕಿರ್ರೆಂದಿತು. ನನ್ನ ಮಗಳು ಈ ಹಲಗೆಯ ಆಚೆ ಕೈಯಳತೆಯಲ್ಲಿ ನಿಂತಿದ್ದಾಳೆ, ಅವಳ ಬಳೆಯ ಸದ್ದು ಕೇಳುತ್ತಿದೆ, ಮುಟ್ಟಲಾರೆ. ಬೇಡಿಕೊಳ್ಳಲೇ, ಗದರಲೇ ಎಂದು ತಿಳಿಯದೆ ಕೊನೆಗೆ ಸುಮ್ಮನೆ ಕೇಳಿದೆ, "ನಿಮಗೇನು ಭಯ? ಅದನ್ನಾದರೂ ಹೇಳಿ."

"ಭಯ ನನಗಲ್ಲ, ನಿಮಗಿರ್ಬೇಕಿತ್ತು. ಹೆಣ್ಣು ಹೆತ್ತೋರು ನೀವು." ಎಂದರು ಅಚ್ಚಮ್ಮನವರು. "ನನ್ನ ರುಕ್ಕು ಮದುವೆ ದಿನ ಜೋರು ಮಳೆ. ಹೋಮದ ಕಟ್ಟಿಗೆ ನೆಂದುಹೋಗಿತ್ತು. ಮುಹೂರ್ತ ಮೀರುತ್ತೆ ಅಂದ್ರು. ಬೆಂಕಿ ಇಲ್ದಿದ್ರೆ ಏನಾಯ್ತು, ತಾಳಿ ಕಟ್ಟಿಸಿ ಅಂತ ಹೇಳಿದೋಳು ನಾನೇ. ಚಿದಂಬರ ಹುಟ್ಟಿದ ಮೇಲೆ ಆ ಮನುಷ್ಯ ಪಂಚಾಯ್ತಿಲಿ ನಿಂತು, ಅಗ್ನಿಸಾಕ್ಷಿ ಆಗಿಲ್ಲ, ಇವಳು ನನ್ನ ಹೆಂಡತಿ ಅಲ್ಲ ಅಂದ. ಕೂತಿದ್ದೋರೆಲ್ಲ ತಲೆ ಆಡಿಸಿದ್ರು. ನನ್ನ ಮಗಳು ಕೂಸು ಎತ್ಕೊಂಡು ಮನೆಗೆ ಬಂದ್ಲು. ಅವತ್ತಿಂದ ಅವಳು ಯಾವ ಶುಭಕಾರ್ಯದಲ್ಲೂ ಮುಂದೆ ನಿಂತಿಲ್ಲ." ಆಮೇಲೆ, "ನನ್ನ ಮೊಮ್ಮಗ ಒಳ್ಳೆಯವನೇ. ಅವನಪ್ಪನೂ ಒಳ್ಳೆಯವನೇ ಆಗಿದ್ದ, ಎರಡು ವರ್ಷ. ನಾಳೆ ಯಾರೂ ನಿಮ್ಮ ಹುಡುಗಿಗೆ ಆ ಮಾತು ಅನ್ನಬಾರದು," ಎಂದರು.

ನನ್ನ ಮಗಳನ್ನು ಸುಟ್ಟುಬಿಡಬಹುದಾಗಿದ್ದ ಕೈ ನನ್ನ ಮಗಳಿಗಾಗಿಯೇ ಆ ಕಡ್ಡಿ ಹಿಡಿದಿತ್ತು. ನಾನು ಇಷ್ಟು ದಿನ ಅವರನ್ನು ಹಟಮಾರಿ ಮುದುಕಿ ಎಂದುಕೊಂಡಿದ್ದೆ. ಈಗ ಏನು ಹೇಳಿದರೂ ಅದು ನಮ್ಮೂರಿನ ಮಾತೇ ಆಗುತ್ತಿತ್ತು, ಅವರಿಗೆ ತಲುಪುವ ಮಾತಾಗುತ್ತಿರಲಿಲ್ಲ.

"ಅವ್ವಾ," ಎಂದಳು ರುಕ್ಕು. ಬೆಳಗಿನಿಂದ ನಾನು ಕೇಳಿದ ಅವಳ ಮೊದಲ ಮಾತು ಅದು.

"ನೀನ್ಯಾಕೆ ಇಲ್ಲಿದೀಯೆ? ಹೊರಗೆ ಹೋಗು."

"ಯಾಕೆ ಹೋಗ್ಲಿ?"

"ಹೋಗು ಅಂದ್ರೆ ಹೋಗು. ಎಲ್ಲರ ಜೊತೆ ಆಚೆ ನಿಂತ್ಕೋ."

"ಏನೂ ಆಗಲ್ಲ ಅಂತೀಯ, ನನಗೆ ಮಾತ್ರ ಆಚೆ ಹೋಗು ಅಂತೀಯ." ರುಕ್ಕು ಬಾಗಿಲಿಗೆ ಹತ್ತಿರ ಸರಿದಳು. "ಹಂಗಾದ್ರೆ ನಿಂಗೂ ಭಯ ಇದೆ. ಇವರ ಮಾತು ನಿಜ ಇರಬಹುದು ಅಂತ ಅನ್ನಿಸಿದೆ ನಿಂಗೆ."

ಅವಳು ಬಾಗಿಲ ಸಂದಿಗೆ ಬಾಯಿ ತಂದಳು.

"ಅವ್ವಾ, ಬೆಂಕಿ ಇದ್ದಿದ್ರೂ ಅವನು ಬಿಡ್ತಿದ್ದ. ಲಗ್ನ ಸರಿಯಿರಲಿಲ್ಲ ಅಂತಿದ್ದ, ಇನ್ನೊಂದು ಅಂತಿದ್ದ. ಅವನಿಗೆ ಬಿಡಬೇಕಿತ್ತು, ಬಿಟ್ಟ. ಇಷ್ಟು ವರ್ಷ ನೀನು ನನ್ನ ತಪ್ಪು ನನ್ನ ತಪ್ಪು ಅಂತ ಕೊರಗ್ತಿದ್ದೆ, ಎದುರು ಹೇಳಿದ್ರೆ ನೊಂದ್ಕೋತೀಯ ಅಂತ ನಾನು ಸುಮ್ಮನಿದ್ದೆ. ಕಂಬದ ಹಿಂದೆ ನಿಂತ್ಕೋ ಅಂದೆ, ನಿಂತೆ. ಇವತ್ತು ನನ್ನ ಮಗನ ಮದುವೆ. ನಾನು ಎಲ್ಲಿಗೂ ಹೋಗಲ್ಲ." ಹೀಗೆಂದು ಅವಳು ಸೆರಗು ಎಳೆದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಇಲ್ಲೇ ಕೂತಿದೀನಿ. ಗೀರೋದಾದ್ರೆ ಗೀರು, ಇಲ್ಲಾಂದ್ರೆ ಬಾಗಿಲು ತೆಗಿ."

ನಾನು ಅವಳ ಭುಜ ಹಿಡಿದುಕೊಂಡೆ. ದಾಸಪ್ಪ ಹಗ್ಗ ಹಿಡಿದುಕೊಂಡೇ ಕಲ್ಲಿನಂತೆ ನಿಂತಿದ್ದ. ಹೊರಗೆ ಮರದ ಕೆಳಗೆ ಯಾರೋ ಎಲೆ ಎಲ್ಲಿ ಎಂದು ಜೋರಾಗಿ ಕೇಳುತ್ತಿದ್ದರು, ನನ್ನವರು ಏನೋ ಸಮಾಧಾನ ಹೇಳುತ್ತಿದ್ದರು. ಆ ಹೊತ್ತು ಎಷ್ಟು ಉದ್ದವಿತ್ತೆಂದು ನನಗೆ ಹೇಳಲು ಬರುವುದಿಲ್ಲ. ಕುಮುದ ಹುಟ್ಟಿದಾಗಿನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಅವಳು ಬೆಳಿಗ್ಗೆ ಜಡೆ ಬಿಗಿಯಾಯಿತೆಂದು ಮುಖ ಸಿಂಡರಿಸಿದ್ದು ಮಾತ್ರ ಕಣ್ಣ ಮುಂದಿತ್ತು.

ಒಳಗೆ ನೀರಿಗೆ ಏನೋ ಬಿದ್ದ ಸಣ್ಣ ಸದ್ದಾಯಿತು.

"ಅಮ್ಮಾ," ಎಂದಳು ಕುಮುದ, ಈಗ ಅವಳ ದನಿ ಒಡೆದಿತ್ತು, "ಕಲಶಕ್ಕೆ ಹಾಕಿದ್ರು. ಕಡ್ಡಿ, ಪೊಟ್ಟಣ ಎರಡೂ ಹಾಕಿದ್ರು."

ಅಗಳಿ ಸರಿಯಿತು. ಅಚ್ಚಮ್ಮನವರು ಗೋಡೆಗೆ ಒರಗಿ ಕೂತಿದ್ದರು. ಚಿದಂಬರ ಅವರನ್ನು ಮಗುವಿನಂತೆ ಎತ್ತಿಕೊಂಡ. ಓಡುವಂತಿರಲಿಲ್ಲ. ಸತ್ತ ಗೂಡಿನ ಪಕ್ಕದಲ್ಲೇ ಹಾದು, ಚೆಲ್ಲಿದ ಅಕ್ಷತೆಯ ಮೇಲೆ ಹೆಜ್ಜೆ ಇಡುತ್ತಾ, ನಾವೆಲ್ಲ ಮೆರವಣಿಗೆ ಹೊರಟವರಂತೆ ನಿಧಾನವಾಗಿ ನಡೆದು ಹೊರಗೆ ಬಂದೆವು. ಬಿಸಿಲಿಗೆ ಬಂದ ಮೇಲೆ ಕುಮುದ ನನ್ನ ಮೇಲೆ ಬಿದ್ದು ಬಿಗಿಯಾಗಿ ಹಿಡಿದುಕೊಂಡಳು. ಹೆಣ್ಣು ಒಪ್ಪಿಸುವ ಹೊತ್ತಿನ ಅಳು ಎಂದುಕೊಂಡು ಗಂಡಿನ ಕಡೆಯ ಹೆಂಗಸರು, "ಇನ್ನೂ ಊಟಾನೇ ಆಗಿಲ್ಲ, ಈಗಲೇ ಅಳ್ತಾರಲ್ಲ," ಎಂದರು.

ಗಾಳಿ ಆಡಿ, ಉಸಿರು ಹೊರಗೆ ಹೋಗಿ, ದಾಸಪ್ಪ ಮಸಿ ಕೆರೆದು ಗೂಡು ಮತ್ತೆ ಗುಂಯ್ಗುಡುವ ಹೊತ್ತಿಗೆ ಸಾರು ಆರಿಹೋಗಿತ್ತು. ಅದನ್ನೇ ಬಡಿಸಿದೆವು. ಎರಡನೆಯ ಪಂಕ್ತಿ ನಡೆಯುತ್ತಿದ್ದಾಗ ಅಚ್ಚಮ್ಮನವರು ಎಲೆಯ ಮುಂದಿನಿಂದ ಎದ್ದು ನಿಂತರು. ಯಾರೂ ಕೇಳಿರಲಿಲ್ಲ. "ನಾನು ಸೊಂಟದಲ್ಲಿ ಬೆಂಕಿಪೊಟ್ಟಣ ಇಟ್ಕೊಂಡು ನಿಮ್ಮೂರೊಳಗೆ ಬಂದೆ. ಕೋಣೆಲಿ ಹಚ್ಚೋಕೆ ಹೋಗಿದ್ದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಊಟದ ಸದ್ದು ನಿಂತಿತು. ನಮ್ಮೂರಿನ ಒಬ್ಬಿಬ್ಬರು ಎಲೆ ಬಿಟ್ಟು ಎದ್ದರು. ನನ್ನವರ ಕೈಯಲ್ಲಿದ್ದ ಪಾಯಸದ ಸೌಟು ಅಲ್ಲೇ ನಿಂತಿತು. ಒಳಗೆ ನಡೆದದ್ದು ಅವರಿಗೂ ಗೊತ್ತಾದದ್ದು ಆಗ ಮಾತ್ರ.

ದಾಸಪ್ಪ ಮಸಿ ಕೈಯಲ್ಲೇ ಮುಂದೆ ಬಂದ. "ಇನ್ನು ನೀವು ಈ ಊರೊಳಗೆ ಕಾಲಿಡೋ ಹಂಗಿಲ್ಲ ಅಜ್ಜಿ. ಬೆಂಕಿ ಯಾರೇ ತಂದ್ರೂ ಅಷ್ಟೇ."

"ಗೊತ್ತಪ್ಪ."

"ಈ ಹುಡುಗಿ ಬಾಣಂತನಕ್ಕೆ ಇಲ್ಲಿಗೆ ಬಂದ್ರೂ ಮಗು ನೋಡೋಕೆ ಬರಂಗಿಲ್ಲ."

"ಅವಳೇ ಕರ್ಕೊಂಡು ಬರ್ತಾಳೆ," ಎಂದರು ಅಚ್ಚಮ್ಮನವರು. ಆಮೇಲೆ ಕುಮುದಳ ಕಡೆ ನೋಡಿ, "ಬರ್ತೀಯಲ್ಲವಾ?" ಎಂದರು. ಕುಮುದ ಮೊದಲು ನನ್ನ ಕಡೆ ನೋಡಿದಳು. ಆಮೇಲೆ ಹೂಂ ಎಂದು ತಲೆಯಾಡಿಸಿದಳು. ನನ್ನವರು ಸೌಟಿನಲ್ಲಿದ್ದ ಪಾಯಸವನ್ನು ಅಚ್ಚಮ್ಮನವರ ಎಲೆಗೇ ಬಡಿಸಿದರು. ಆದರೆ ಅವರ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬೀಗರನ್ನು ಕಳಿಸಲು ಊರ ಗಡಿಯಾಚೆಯ ಬಸ್ಸು ನಿಲ್ಲುವ ಜಾಗಕ್ಕೆ ಹೋದೆವು. ಊರಿಗೆ ಊರೇ ಹಿಂದೆ ಬಂದಿತ್ತು. ಕೆಲವರು ಪ್ರೀತಿಯಿಂದ ಬಂದಿದ್ದರು, ಕೆಲವರು ಆ ಮುದುಕಿ ನಿಜವಾಗಿಯೂ ಹೋದಳೇ ಎಂದು ಕಣ್ಣಾರೆ ನೋಡಲು ಬಂದಿದ್ದರು. ಸಾಮಾನು ಏರಿಸುವಾಗ ಕುಮುದ ಬಸ್ಸಿನ ಡ್ರೈವರನ ಹತ್ತಿರ ಹೋಗಿ ಏನೋ ಕೇಳಿದಳು. ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕೊಟ್ಟ. ಅವಳು ಅದನ್ನು ಹಾವಿನ ಮರಿಯಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು ಅಚ್ಚಮ್ಮನವರ ಮುಂದೆ ಚಾಚಿದಳು.

"ಇಲ್ಲಿ ಹಚ್ಚಬಹುದು ಅಜ್ಜಿ."

ಅಚ್ಚಮ್ಮನವರು ರುಕ್ಕುವಿನ ಮುಖ ನೋಡಿದರು. "ಹಚ್ಚವ್ವ," ಎಂದಳು ರುಕ್ಕು. "ನಿನ್ನ ಆಸೆ ಅದು, ತೀರ್ಲಿ. ಮದುವೆ ನಿನ್ನೆನೇ ಆಗಿದೆ."

ದಾರಿಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಅಚ್ಚಮ್ಮನವರು ಸೊಂಟದ ಗಂಟು ಬಿಚ್ಚಿ ಇದ್ದ ಕರ್ಪೂರವನ್ನೆಲ್ಲ ಸುರಿದರು. ಕಡ್ಡಿ ಗೀರಿದಾಗ ನಮ್ಮೂರಿನವರು ಒಂದು ಮಾರು ಹಿಂದೆ ಸರಿದರು. ನಾನೂ ಸರಿದೆ. ಬಿಸಿಲಿಗೆ ಅದು ಸರಿಯಾಗಿ ಕಾಣಲೇ ಇಲ್ಲ. ಮೊದಲು ಕಲ್ಲಿನ ಮೇಲಿನ ಗಾಳಿ ನಡುಗಿತು, ಆಮೇಲೆ ಕೆಂಪಗೆ ಏನೋ ಬಗ್ಗಿ ಎದ್ದಿತು. ಚಿದಂಬರ ಕುಮುದಳ ಕೈ ಹಿಡಿದು ಸುತ್ತು ಬಂದ. ಅವಳು ಹೆಜ್ಜೆ ಹೆಜ್ಜೆಗೂ ಸೀರೆಯ ನಿರಿಗೆ ಎತ್ತಿ ಹಿಡಿದು ದೂರದಿಂದಲೇ ಸುತ್ತಿದಳು. ರುಕ್ಕು ನನ್ನ ಪಕ್ಕದಲ್ಲಿ, ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಇಷ್ಟು ಸಣ್ಣದಾ?" ಎಂದೆ ಅವಳಿಗೆ.

"ಒಂದೊಂದು ಸಲ," ಎಂದಳು ಅವಳು.

ಡ್ರೈವರು ಹಾರನ್ ಒತ್ತಿದ. ಅಚ್ಚಮ್ಮನವರು ನನ್ನ ಎರಡೂ ಕೈ ಹಿಡಿದುಕೊಂಡರು. ಕುಮುದ ಕಿಟಕಿಯ ಪಕ್ಕ ಕೂತು ಕೈ ಆಡಿಸಿದಳು. ಬಸ್ಸು ತಿರುವು ದಾಟಿ ಕಾಣದಾಯಿತು.

ಆಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಲ್ಲಿನ ಮೇಲೆ ಅದು ಇನ್ನೂ ಉರಿಯುತ್ತಿತ್ತು. ಆರಿಸಲು ಗೊತ್ತಿದ್ದವರೆಲ್ಲ ಬಸ್ಸು ಹತ್ತಿ ಹೋಗಿದ್ದರು. ಊದಬೇಕು ಎಂದರು ಒಬ್ಬರು. ಊದಿದರೆ ದೊಡ್ಡದಾಗುತ್ತದಂತೆ ಎಂದರು ಇನ್ನೊಬ್ಬರು. ನೀರು ತರಲು ಊರೊಳಗೆ ಹೋಗಬೇಕು, ಅಷ್ಟರಲ್ಲಿ ಇದನ್ನು ಕಾಯುವವರು ಯಾರು? ಅದನ್ನು ಅಲ್ಲೇ ಬಿಟ್ಟು ತಿರುಗಿ ನಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ನನ್ನವರು ಹೆಗಲ ಮೇಲಿನ ಶಲ್ಯವನ್ನು ಎರಡು ಕೈಯಲ್ಲೂ ಅಗಲಿಸಿ ಹಿಡಿದು, ಅದು ಎದ್ದು ಊರಿನ ಕಡೆ ಓಡಿದರೆ ಅಡ್ಡ ಹಾಕುವವರಂತೆ ಬಗ್ಗಿ ನಿಂತರು. ದಾಸಪ್ಪ ಅವರ ಎದುರು ನಿಂತ. ಉಳಿದವರು ಸುತ್ತಲೂ ನಿಂತರು. ನನಗೆ ಮನೆಯಲ್ಲಿ ರಾಶಿ ಕೆಲಸವಿತ್ತು, ಮಗಳಿಲ್ಲದ ಮನೆಗೆ ಹೋಗುವ ಮನಸ್ಸಿರಲಿಲ್ಲ. ನಾನೂ ಅವರ ಜೊತೆ ಬಿಸಿಲಲ್ಲಿ ನಿಂತುಕೊಂಡೆ, ಅದು ತಾನಾಗಿ ಆರುವವರೆಗೆ.